ಜೂನ್ ಒಂದರ ಮಿಥುನ ರಾಶಿ

ಜೂನ್ ಒಂದನೆಯ ತಾರೀಖು ಬೆಳಗಾಯಿತೆಂದರೆ ನನ್ನ ಮೊಬೈಲಿಗೆ ಪುರಸೊತ್ತಿಲ್ಲ. ಘೋಡಗೇರಿ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಜೊತೆ ಕಲಿತವರದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಮೂವತ್ತೆಂಟು ಜನ ಇದ್ದೇವೆ, ಅವರಲ್ಲಿ ಮೂವತ್ತೊಂದು ಜನರ ಹುಟ್ಟುಹಬ್ಬ ಅವತ್ತೇ. ಕುರಿ ಮೇಯಿಸುವವನಿಂದ ಹಿಡಿದು ಹಿಡಕಲ್ ಡ್ಯಾಮಿನಲ್ಲಿ ನೌಕರಿ ಮಾಡುವವನ ತನಕ ಎಲ್ಲರೂ ಒಬ್ಬರಿಗೊಬ್ಬರು ಕೇಕಿನ ಚಿತ್ರ ಕಳಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಯಾರು ಯಾರಿಗೆ ಹಾರೈಸಿದರು, ಯಾರು ಉಳಿದರು ಎಂಬುದೇ ತಿಳಿಯದಂತಾಗಿ, ಒಬ್ಬ ಪುಣ್ಯಾತ್ಮ ತನಗೆ ತಾನೇ ಶುಭಾಶಯ ಹೇಳಿಕೊಂಡದ್ದೂ ಉಂಟು. ಆ ಪುಣ್ಯಾತ್ಮ ನಾನೇ.

ಈ ವರ್ಷ ಮಾತ್ರ ಮೊಬೈಲಿನ ಸದ್ದು ನಿಲ್ಲಿಸಿ ಮಗುಚಿ ಇಟ್ಟೆ. ನನ್ನ ಅಕ್ಕ ಬಾಳವ್ವನ ತಾರೀಖೂ ಜೂನ್ ಒಂದೇ ಆಗಿತ್ತು. ಅವಳು ತೀರಿಕೊಂಡು ಐದು ತಿಂಗಳಾಗುತ್ತ ಬಂತು. ಅವಳ ಸಾವಿನಲ್ಲಿ ನನ್ನ ಪಾಲೆಷ್ಟು ಎಂಬುದು ನನಗಿನ್ನೂ ಗೊತ್ತಾಗಿಲ್ಲ. ಅದನ್ನೇ ಹೇಳಬೇಕೆಂದು ನಿಮ್ಮ ಮುಂದೆ ಕೂತಿದ್ದೇನೆ. ಆದರೆ ಇಂಥದನ್ನು ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ. ಅಡ್ಡದಾರಿ ಹಿಡಿದು ಬರುತ್ತೇನೆ, ಸ್ವಲ್ಪ ತಾಳಿಕೊಳ್ಳಿ.

ಒಂದೇ ಊರಿನಲ್ಲಿ ಇಷ್ಟು ಜನ ಒಂದೇ ದಿನ ಹೇಗೆ ಹುಟ್ಟಿದರು ಎಂದು ನಮ್ಮ ಕಡೆಯವರು ಯಾರೂ ಕೇಳುವುದಿಲ್ಲ. ಆಗೆಲ್ಲ ಹುಟ್ಟಿದ ತಾರೀಖು ಬರೆದಿಡುವ ರೂಢಿ ಇರಲಿಲ್ಲ. ಸಾಲಿಗೆ ಹಚ್ಚುವ ದಿನ ಮಾಸ್ತರರು, ಬಲಗೈ ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತೆಂದು ಅರ್ಥ. ಸಾಲಿ ಶುರುವಾಗುವುದು ಜೂನ್ ಒಂದಕ್ಕೆ, ಆದ್ದರಿಂದ ಅವತ್ತಿಗೆ ಸರಿಯಾಗಿ ಆರು ತುಂಬಿದಂತೆ ಬರೆದುಬಿಟ್ಟರೆ ಯಾರದೂ ತಕರಾರಿಲ್ಲ. ನನ್ನ ಕೈ ಮೋಟು, ಕಿವಿ ಸಿಗಲಿಲ್ಲ. ಅಕ್ಕ ಹಿಂದಿನಿಂದ ಬಂದು ನನ್ನ ತಲೆಯನ್ನು ಮೆಲ್ಲಗೆ ಬಲಕ್ಕೆ ವಾಲಿಸಿದಳು, ಬೆರಳು ಕಿವಿಗೆ ತಾಗಿತು. ಮಾಸ್ತರರು ನೋಡಿಯೂ ನೋಡದಂತೆ ಬರೆದುಕೊಂಡರು. ಹೀಗೆ ನಾನು ಹುಟ್ಟಿದ್ದರಲ್ಲಿ ಅವಳ ಕೈ ಇದೆ.

ಮುಂದೆ ನಾನು ಗೋಕಾಕದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ಶ್ರದ್ಧಾಂಜಲಿ ಫ್ಲೆಕ್ಸು, ಎಲ್ಲದಕ್ಕೂ ಅಕ್ಷರ ಕೂಡಿಸುವವನು ನಾನೇ. ಪ್ರೆಸ್ಸಿನ ಮಾಲೀಕರನ್ನು ಊರೆಲ್ಲ ಕಾಕಾ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಅವರದೊಂದು ನಾಲ್ಕು ಪುಟದ ಪತ್ರಿಕೆ ಹೊರಡುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಹಳ್ಳಿಗಳಿಗೆ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಕಟ್ಟು ಹೋಗುತ್ತದೆ. ಒಂದು ದಿನ ಕಾಕಾ ಬೆಳಗಾವಿಯಿಂದ ಇಂಗ್ಲಿಷ್ ಪೇಪರೊಂದನ್ನು ತಂದು ನನ್ನ ಮುಂದೆ ಹರವಿದರು. ಅದರಲ್ಲಿ ತಾರೀಖಿನ ಮೇಲೆ ರಾಶಿ ಹೇಳುವ ಅಂಕಣ ಇತ್ತು. ಮೇ ಇಪ್ಪತ್ತೊಂದರಿಂದ ಜೂನ್ ಇಪ್ಪತ್ತರ ತನಕ ಹುಟ್ಟಿದವರೆಲ್ಲ ಮಿಥುನ, ಅದಾದ ಮೇಲೆ ಕರ್ಕ, ಹೀಗೆ. ನಮ್ಮ ಮಂದಿಗೆ ನಕ್ಷತ್ರ ಗೊತ್ತಿಲ್ಲ, ಪಾದ ಗೊತ್ತಿಲ್ಲ, ಆಧಾರ್ ಕಾರ್ಡಿನ ಮೇಲೆ ತಾರೀಖಂತೂ ಎಲ್ಲರಿಗೂ ಇದೆ, ಇದನ್ನೇ ನಾವೂ ಶುರು ಮಾಡೋಣ ಎಂದರು. ಬರೆಯುವವರು ಯಾರು ಎಂದೆ. ನನ್ನತ್ತಲೇ ನೋಡಿದರು. ಎಂಥದೋ ಒಬ್ಬ ಜ್ಯೋತಿಷ್ಯರತ್ನರ ಹೆಸರು ಹುಟ್ಟಿಸಿ, ಆ ಹೆಸರಿನ ಹಿಂದೆ ನನ್ನನ್ನು ಕೂರಿಸಿದರು.

ನನಗೋ ಏನು ಹಚ್ಚಿದರೂ ಅದರ ಬೇರು ಹುಡುಕುವ ಚಟ. ಓದುತ್ತ ಹೋದೆ. ಇಂದಿನ ಇರಾಕಿನ ಕಡೆ, ಎರಡು ನದಿಗಳ ನಡುವಿನ ನಾಡಿನಲ್ಲಿ, ಸಾವಿರಾರು ವರ್ಷಗಳ ಹಿಂದೆ ಜನ ಆಕಾಶ ನೋಡಿ ಹಸಿ ಮಣ್ಣಿನ ಹಲಗೆಯ ಮೇಲೆ ಗೀರುತ್ತಿದ್ದರಂತೆ. ಅವರು ನೋಡಿದ್ದು ರಾಜನಿಗಾಗಿ. ಪೈರು ಬಂದೀತೇ, ದಂಡು ಗೆದ್ದೀತೇ ಎಂಬುದಷ್ಟೇ ಪ್ರಶ್ನೆ, ಕುರಿ ಕಾಯುವವನ ಹೊಟ್ಟೆನೋವು ಯಾವ ಗ್ರಹಕ್ಕೂ ಸಂಬಂಧಿಸಿದ್ದಲ್ಲ. ಸೂರ್ಯನ ದಾರಿಯನ್ನು ಹನ್ನೆರಡು ಸಮಪಾಲು ಮಾಡಿದವರೂ ಅವರೇ. ಗ್ರೀಕರು ಅದನ್ನು ತೆಗೆದುಕೊಂಡು ಒಬ್ಬೊಬ್ಬ ಮನುಷ್ಯನ ಹುಟ್ಟಿಗೂ ಲೆಕ್ಕ ಹಚ್ಚಿದರು. ಕೊನೆಗೆ, ಇನ್ನೂ ನೂರು ವರ್ಷ ಆಗಿಲ್ಲ, ಲಂಡನ್ನಿನ ಪತ್ರಿಕೆಯೊಂದು ಅರಮನೆಯಲ್ಲಿ ಹುಟ್ಟಿದ ಕೂಸಿನ ಭವಿಷ್ಯ ಅಚ್ಚು ಹಾಕಿಸಿತು. ಓದುಗರು ಮುಗಿಬಿದ್ದರು. ನಮ್ಮದೂ ಬರೆಯಿರಿ ಎಂದು ಎಲ್ಲರೂ ಕೇಳತೊಡಗಿದಾಗ, ಎಲ್ಲರಿಗೂ ಬರೆಯಲು ಜಾಗವೆಲ್ಲಿ, ಹನ್ನೆರಡು ಚೂರು ಮಾಡಿ ಹಂಚಿದರು. ರಾಜನ ಊಟದ ಎಲೆಯಿಂದ ಹೊರಟದ್ದು ಹೀಗೆ ಗೋಕಾಕದ ನನ್ನ ಮೇಜಿಗೆ ಬಂತು.

ಪ್ರೆಸ್ಸಿಗೆ ಪಂಚಾಂಗ ಮಾಡಿಸಲು ಬರುತ್ತಿದ್ದ ಶಾಸ್ತ್ರಿಗಳೊಬ್ಬರು ಇದನ್ನು ಕಂಡು ಕೆಂಡವಾದರು. ನಮ್ಮಲ್ಲಿ ಚಂದ್ರನಿಲ್ಲದೆ ರಾಶಿಯೇ ಇಲ್ಲ, ಸೂರ್ಯನನ್ನೇ ಹಿಡಿದರೂ ಅವನು ಮಿಥುನಕ್ಕೆ ಕಾಲಿಡುವುದು ಜೂನ್ ಅರ್ಧ ಕಳೆದ ಮೇಲೆ. ವಿಲಾಯತಿಯವರು ನಕ್ಷತ್ರ ಬಿಟ್ಟು ಋತುವಿನಿಂದ ಎಣಿಸುತ್ತಾರೆ, ಅವರದಕ್ಕೂ ನಮ್ಮದಕ್ಕೂ ಇಪ್ಪತ್ತು ಚಿಲ್ಲರೆ ದಿನದ ಫರಕು ಎಂದು ವಿವರಿಸಿದರು. ನಾನು ಕೈ ಮುಗಿದು ಕೇಳಿಸಿಕೊಂಡೆ. ಮನಸ್ಸಿನಲ್ಲಿ ಮಾತ್ರ, ಹುಟ್ಟಿದ ತಾರೀಖೇ ಸುಳ್ಳಿರುವಾಗ ಇಪ್ಪತ್ತು ದಿನ ಹೆಚ್ಚಾದರೇನು ಕಡಿಮೆಯಾದರೇನು ಎಂದುಕೊಂಡೆ. ನಮ್ಮ ಮೂರು ತಾಲೂಕಿನಲ್ಲಿ ಅರ್ಧಕ್ಕರ್ಧ ಓದುಗರು ಮಿಥುನದವರೇ ಎಂದು ನನ್ನ ಅಂದಾಜು. ಉಳಿದ ಹನ್ನೊಂದು ರಾಶಿಗಳನ್ನು ನಾನು ಬರೀ ಪುಟ ತುಂಬಲು ಬರೆಯುತ್ತಿದ್ದೆ.

ಬರೆಯುತ್ತಿದ್ದೆ ಅನ್ನುವುದೂ ದೊಡ್ಡ ಮಾತಾಯಿತು. ಹನ್ನೆರಡು ತುಣುಕು ಒಂದೇ ಸಲ ಬರೆದು ಕಂಪ್ಯೂಟರಿಗೆ ಹಾಕಿದೆ. ಪ್ರತಿ ಸಂಚಿಕೆಗೆ ಅವನ್ನು ಒಂದೊಂದು ಮನೆ ಕೆಳಗೆ ಸರಿಸುವುದು. ಮೇಷಕ್ಕೆ ಹೇಳಿದ್ದು ಮುಂದಿನ ಸಲ ವೃಷಭಕ್ಕೆ, ವೃಷಭದ್ದು ಮಿಥುನಕ್ಕೆ, ಮೀನದ್ದು ತಿರುಗಿ ಮೇಷಕ್ಕೆ. ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ ಆರು ತಿಂಗಳು ಬೇಕು, ಅಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ. ಎಲ್ಲರಿಗೂ ಎಲ್ಲವೂ ಸಿಗುತ್ತದಲ್ಲ, ಇದಕ್ಕಿಂತ ನ್ಯಾಯ ಇನ್ನೇನು ಎಂದು ನನ್ನನ್ನು ನಾನೇ ಹೊಗಳಿಕೊಂಡಿದ್ದೆ. ಶುಭ ಬಣ್ಣಕ್ಕೆ ಅವತ್ತು ಕಾಕಾ ಹಾಕಿಕೊಂಡು ಬಂದ ಅಂಗಿಯೇ ಆಧಾರ. ಒಂದು ಸಾಲು ಕಡಿಮೆ ಬಿದ್ದರೆ, ಹೊರಡುವ ಮುನ್ನ ನೀರು ಕುಡಿಯಿರಿ ಎಂದು ಕೊನೆಗೆ ಸೇರಿಸುತ್ತಿದ್ದೆ.

ಜನ ನಂಬುತ್ತಿದ್ದರು. ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ನಾನು ಬರೆದದ್ದನ್ನು ನನಗೇ ಓದಿ ಹೇಳಿದವರಿದ್ದಾರೆ. ಕಕ್ಷಿದಾರನೊಬ್ಬ, ತಾಳ್ಮೆಯಿಂದ ಕಾದರೆ ಜಯ ಎಂಬ ನನ್ನ ಸಾಲನ್ನು ನಂಬಿ ರಾಜಿ ಬೇಡವೆಂದನಂತೆ. ನನಗೆ ಒಳಗೊಳಗೇ ಹಿಗ್ಗು. ಹೆದರಬೇಕಾಗಿತ್ತು, ಹಿಗ್ಗಿದೆ.

ಈಗ ಅಕ್ಕನ ಮಾತಿಗೆ ಬರುತ್ತೇನೆ. ಅವಳನ್ನು ಕೊಟ್ಟದ್ದು ಮೂಡಲಗಿಯಿಂದಾಚೆಯ ಒಂದು ಹಳ್ಳಿಗೆ. ಗಂಡ ಸಿದ್ದಪ್ಪ, ನಾನು ಮಾಮಾ ಅನ್ನುವುದು, ನಲವತ್ತು ಕುರಿ ಮತ್ತು ಎರಡೆಕರೆ ಹೊಲ ಇಟ್ಟುಕೊಂಡ ಸಮಾಧಾನದ ಮನುಷ್ಯ. ಅಕ್ಕ ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಬಿಟ್ಟರೂ ಓದು ಬಿಡಲಿಲ್ಲ. ಕಿರಾಣಿ ಸಾಮಾನು ಕಟ್ಟಿ ಬಂದ ಕಾಗದವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸಾಪು ಮಾಡಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ನಾನು ಅಕ್ಷರ ಕಲಿತದ್ದೂ ಅವಳ ಆ ಬೆರಳಿನ ಹಿಂದೆಯೇ. ನಮ್ಮ ಪತ್ರಿಕೆ ಅವಳ ಊರಿಗೆ ಹೋಗುತ್ತದೆಂದು ಗೊತ್ತಿತ್ತು. ಆದರೆ ಆ ಜ್ಯೋತಿಷ್ಯರತ್ನ ನಾನೇ ಎಂದು ಅವಳಿಗೆ ಹೇಳಿರಲಿಲ್ಲ. ನಾಚಿಕೆ ಅನ್ನಿ, ನಕ್ಕಾಳೆಂಬ ಹೆದರಿಕೆ ಅನ್ನಿ.

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ ದೀಪಾವಳಿ ಮುಗಿದ ವಾರದಲ್ಲಿ ಮಾಮಾ ಫೋನ್ ಮಾಡಿದ. ನಿನ್ನ ಅಕ್ಕ ದವಾಖಾನೆಗೆ ಹೋಗೋಣ ಅನ್ನುತ್ತಿದ್ದಾಳೆ, ಯಾಕೆಂದರೆ ಹೇಳವಲ್ಲಳು ಎಂದ. ಗೋಕಾಕಕ್ಕೆ ಕರೆತಂದ. ಹೆಣ್ಣು ಡಾಕ್ಟರು ಒಳಗೆ ನೋಡಿ ಬಂದು, ಎದೆಯಲ್ಲಿ ಗಂಟಿದೆ, ತಡ ಮಾಡದೆ ಬೆಳಗಾವಿಗೆ ಹೋಗಿ ಎಂದರು. ನಮ್ಮ ಅಕ್ಕ ಗಂಡನ ಮುಂದೆಯೂ ಬಾಯಿ ಬಿಡದೆ ಅದನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಂಡಿದ್ದಳು. ಮರುದಿನ ಅವ್ವನನ್ನೂ ಕರೆದುಕೊಂಡು ಬೆಳಗಾವಿಗೆ ಹೋದೆವು.

ಅಲ್ಲಿ ಹೆಸರು ಬರೆಸುವ ಕಿಟಕಿಯಲ್ಲಿದ್ದವಳು ಅಕ್ಕನ ಆಧಾರ್ ಕಾರ್ಡು ನೋಡಿದಳು, ಜೊತೆಯವರೆಂದು ನನ್ನದನ್ನೂ ನೋಡಿದಳು. ಇಬ್ಬರದೂ ಜೂನ್ ಒಂದು. ಅವಳು ನಗಲಿಲ್ಲ, ದಿನಾ ಇಂಥವೇ ಬರುತ್ತವೆಂದು ಕಾಣುತ್ತದೆ. ಖರೆ ವಯಸ್ಸು ಹೇಳಿ ಎಂದಳು. ಆಗ ಅವ್ವ ನನ್ನ ಹಿಂದಿನಿಂದ, ಕಿಟಕಿಯವಳಿಗೆ ಕೇಳುವಂತೆ ಹೇಳಿದಳು:

“ಮೊನ್ನಿ ದೀಪಾವಳಿ ಪಾಡ್ಯಾಕ ಸಗಣಿ ಪಾಂಡವರನ್ನ ಕೂಡಿಸಿದಿವಲ್ರಿ, ಅವತ್ತ ಹುಟ್ಟ್ಯಾಳ ಇಕಿ. ಪಾಂಡವರನ್ನ ಮಾಡಾಕ ಕುಂತಿದ್ನಿ, ಕೈಯಾಗ ಸಗಣಿ ಹಂಗ ಇತ್ತು, ಬ್ಯಾನಿ ಸುರು ಆದುವು. ನಮ್ಮ ಕಡಿ ಕಾಲುವಿಗಿ ಮೊದಲ ನೀರ ಬಂದ ವರ್ಷ.”

ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಆ ವರ್ಷದ ದೀಪಾವಳಿ ಹುಡುಕಿದೆ. ನವೆಂಬರಿನಲ್ಲಿ ಬಿದ್ದಿತ್ತು. ವಿಲಾಯತಿ ಲೆಕ್ಕಕ್ಕೆ ಅಕ್ಕ ವೃಶ್ಚಿಕದವಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತವನಿಗೆ ಯಾಕೆ ಬೇಕಿತ್ತು ಈ ಕಸುಬು ಎಂದು ನೀವು ಕೇಳಬಹುದು. ಕೈಗೆ ಕೆಲಸವಿಲ್ಲದಾಗ ಮನುಷ್ಯ ತನಗೆ ಬರುವ ಕಸುಬನ್ನೇ ಮಾಡುತ್ತಾನೆ. ಅಷ್ಟರಲ್ಲಿ ಮಾಮಾ ಬಾಜೂಕೆ ಬಂದು ಕೂತ. ಗಂಟು ಶ್ರಾವಣದಲ್ಲೇ ಕಂಡಿತ್ತಂತೆ, ಪೇಪರಿನಲ್ಲಿ ಬಂದಿತ್ತಂತ ಸುಮ್ಮನೆ ಇದ್ದಳಂತೆ, ಈಗ ಪೇಪರಿನಲ್ಲೇ ಬಂತಂತ ಹೊರಟಳಂತೆ ಎಂದು ಮೆಲ್ಲಗೆ ಹೇಳಿದ. ಯಾವ ಪೇಪರು ಎಂದು ನಾನು ಕೇಳಲಿಲ್ಲ.

ಗೋಕಾಕಕ್ಕೆ ಬಂದವನೇ ಪ್ರೆಸ್ಸಿನ ಫೈಲು ತೆಗೆದೆ. ಶ್ರಾವಣದ ಮೊದಲ ಸಂಚಿಕೆ. ಮಿಥುನ: ದೇಹದಲ್ಲಿ ಕಂಡ ಸಣ್ಣ ತೊಂದರೆ ತಾನಾಗಿ ಕಳೆಯುವುದು, ಅನಗತ್ಯ ಓಡಾಟ ಬೇಡ. ಅದೇ ಪುಟದಲ್ಲಿ ಐದು ಮನೆ ಕೆಳಗೆ, ವೃಶ್ಚಿಕ: ಆರೋಗ್ಯದ ಬಗ್ಗೆ ಅಸಡ್ಡೆ ಬೇಡ, ಕೂಡಲೇ ವೈದ್ಯರನ್ನು ಕಾಣಿರಿ. ಆ ಸಾಲು ಅಲ್ಲಿಂದ ಸಂಚಿಕೆಗೊಂದು ಮನೆ ಇಳಿಯುತ್ತ, ಮೀನ ಮುಟ್ಟಿ, ತಿರುಗಿ ಮೇಷಕ್ಕೆ ಹತ್ತಿ, ಏಳನೆಯ ಸಂಚಿಕೆಗೆ ಮಿಥುನಕ್ಕೆ ಬಂದಿತ್ತು. ಬಂದ ದಿನವೇ ಅಕ್ಕ ಮಾಮಾನಿಗೆ ಹೇಳಿದ್ದಳು. ಏಳು ಸಂಚಿಕೆ ಅಂದರೆ ಮೂರು ತಿಂಗಳ ಮೇಲೊಂದು ವಾರ. ಆ ಫೈಲಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಕಾಕಾ ಬಂದು ಏನಾಯಿತೆಂದು ಕೇಳಿದರು. ಏನಿಲ್ಲ ಎಂದೆ.

ಬೆಳಗಾವಿಯ ಡಾಕ್ಟರನ್ನು ಒಬ್ಬನೇ ಹೋಗಿ ಕಂಡೆ. ಮೂರು ತಿಂಗಳು ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಹೇಳಲು ಬರುವುದಿಲ್ಲ, ಗಂಟು ಕೈಗೆ ಸಿಗುವ ಮೊದಲೇ ಒಳಗೆ ಹಬ್ಬಿರಬಹುದು, ಹಬ್ಬದೆಯೂ ಇರಬಹುದು, ಮೊದಲೇ ಬಂದಿದ್ದರೆ ಒಳ್ಳೆಯದಿತ್ತು ಎಂದರು. ಇರಬಹುದು, ಇಲ್ಲದೆಯೂ ಇರಬಹುದು ಎಂಬ ಮಾತನ್ನು ನಾನು ಮೂರು ತಾಲೂಕಿಗೆ ವರ್ಷಗಟ್ಟಲೆ ಹಂಚಿದ್ದೇನೆ. ನನ್ನ ಪಾಲಿಗೆ ಅದು ಬಂದಾಗ ನುಂಗಲಾಗಲಿಲ್ಲ.

ಆಪರೇಶನ್ನಾದ ನಾಲ್ಕನೆಯ ದಿನ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮಾಮಾ ಔಷಧಿ ತರಲು ಕೆಳಗೆ ಹೋಗಿದ್ದ. ನಾನು ಬಾಯಿ ಬಿಟ್ಟೆ. ಏನು ಹೇಳಿದೆ ಕೇಳಿ: ನೀನು ಮಿಥುನವೇ ಅಲ್ಲ ಅಕ್ಕ, ವೃಶ್ಚಿಕ. ಮಾಸ್ತರರು ಖರೆ ತಾರೀಖು ಬರೆದಿದ್ದರೆ ನೀನು ವೃಶ್ಚಿಕ ಓದುತ್ತಿದ್ದೆ, ಅದರಲ್ಲಿ ಆಗಲೇ ಡಾಕ್ಟರ ಹತ್ತಿರ ಹೋಗು ಅಂತಿತ್ತು. ಎಂಥ ಹೇಡಿ ಮಾತು ನೋಡಿ. ಬರೆದವನು ನಾನೆಂದು ಅಲ್ಲಿಯೂ ಹೇಳಲಿಲ್ಲ, ತಪ್ಪನ್ನು ಎಂದೋ ತೀರಿಹೋದ ಮಾಸ್ತರರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ನೋಡಿದೆ.

ಅಕ್ಕ ನನ್ನತ್ತ ತಿರುಗಿದಳು.

“ರಾಶಿ ಯಾರ್ ನೋಡತಾರೋ ತಮ್ಮಾ,” ಎಂದಳು. “ಹೊರಡೂ ಮುಂದ ನೀರ ಕುಡದ ಹೋಗ್ರಿ ಅಂತ ಯಾವ ಜೋಯಿಸ ಬರೀತಾನ? ಅದು ಅವ್ವನ ಮಾತ. ಮೊದಲನೆ ಸಲ ಓದಿದಾಗ ಗೊತ್ತಾತ ನನಗ, ನೀ ಬರಿಯಾಕತ್ತಿ ಅಂತ. ನೀನೂ ಜೂನ್ ಒಂದ, ನಾನೂ ಜೂನ್ ಒಂದ. ನಮ್ಮಿಬ್ಬರದನ್ನ ಅಷ್ಟರ ನೀ ವಿಚಾರ ಮಾಡಿ ಬರದಿರತಿ ಅಂದ್ಕೊಂಡ್ನಿ. ಅದಕ್ಕ ನಂಬಿದ್ನಿ.”

ವಿಚಾರ ಮಾಡಿ ಬರೆದದ್ದಲ್ಲ, ಸರಿಸಿದ್ದು ಎಂದು ಹೇಗೆ ಹೇಳಲಿ? ಹೇಳಿದೆ ಕೂಡ. ಹನ್ನೆರಡು ಸಾಲು, ಒಂದೊಂದೇ ಮನೆ ಕೆಳಗೆ, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಇವತ್ತಿಗೆ ಇಷ್ಟು ಭಾರ ಇರುತ್ತಿರಲಿಲ್ಲ. ಅವಳು ನನ್ನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, “ಇನ್ನ ಮ್ಯಾಲೆ ಗೊತ್ತಿದ್ದಷ್ಟ ಬರಿ,” ಎಂದಳು.

ಅವತ್ತಿನಿಂದ ಮಿಥುನವೊಂದನ್ನು ಸರಿಸುವ ಸಾಲಿನಿಂದ ಹೊರಗೆ ತೆಗೆದೆ. ಅದನ್ನು ನಾನು ಕೂತು ಬರೆಯುತ್ತಿದ್ದೆ, ಖಾತ್ರಿಯಾಗಿ ಗೊತ್ತಿದ್ದನ್ನಷ್ಟೇ. ಗಬ್ಬವಿರುವ ಎಮ್ಮೆ ಈ ಪಕ್ಷದಲ್ಲಿ ಈಯುವುದು, ಗಿಣ್ಣ ಅರ್ಧದಷ್ಟು ತಮ್ಮನಿಗೆ ಎತ್ತಿಡಬೇಕು. ಹದಿನೆಂಟಕ್ಕೆ ಬೆಳಗಾವಿಗೆ ಹೋಗುವುದಿದೆ, ಊಟ ಮಾಡದೆ ಹೋಗಬಾರದು. ತಾಯಿ ಘೋಡಗೇರಿ ಬಸ್ಸಿಗೆ ರೊಟ್ಟಿ, ಅಗಸಿ ಚಟ್ನಿ ಕಳಿಸುವಳು. ಉದುರಿದ ಕೂದಲು ತಿರುಗಿ ಬರುತ್ತದೆಂದು ಡಾಕ್ಟರು ಹೇಳಿದ್ದಾರೆ. ಮೂರು ತಾಲೂಕಿನ ಮಿಥುನದವರು ಇದನ್ನೆಲ್ಲ ಓದಿದರು. ಕೋರ್ಟಿನ ಗುಮಾಸ್ತರೊಬ್ಬರು ಪ್ರೆಸ್ಸಿಗೇ ಬಂದು, ತಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲವೆಂದು ತಕರಾರು ತೆಗೆದರು. ಗ್ರಹಚಾರ, ಮುಂದೆ ಬಂದೀತು ಎಂದು ಸಮಾಧಾನ ಮಾಡಿ ಕಳಿಸಿದೆ. ಅಕ್ಕ ಮಾತ್ರ ಪ್ರತಿ ಶುಕ್ರವಾರ ಸಂಜೆ ಫೋನ್ ಮಾಡಿ, ಎಮ್ಮೆ ಈದದ್ದು ಖರೆ ಆತು, ರೊಟ್ಟಿ ಬಂದದ್ದು ಖರೆ ಆತು ಎಂದು ಒಂದೊಂದಕ್ಕೂ ರುಜುವಾತು ಕೊಡುತ್ತಿದ್ದಳು. ಒಂದು ವರ್ಷ ಹೀಗೆ ನಡೆಯಿತು. ಆ ವರ್ಷದಲ್ಲಿ ಬರೆದದ್ದನ್ನು ಬಿಟ್ಟರೆ ನಾನು ಬರೆದದ್ದರಲ್ಲಿ ಬರಹ ಅನ್ನಿಸಿಕೊಳ್ಳುವಂಥದು ಬೇರೇನೂ ಇಲ್ಲ.

ಈ ವರ್ಷ ಸಂಕ್ರಾಂತಿಗೆ ಅವಳು ಹಾಸಿಗೆ ಹಿಡಿದಳು. ಎಲುಬಿಗೆ ಇಳಿದಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಬೆಳಗಾವಿಯಿಂದ ತಿರುಗಿ ಕಳಿಸಿದ್ದರು. ಬೆರಳಿಟ್ಟು ಓದಲು ಆಗುತ್ತಿರಲಿಲ್ಲ, ಮಾಮಾ ಓದಿ ಹೇಳುತ್ತಿದ್ದ. ಯಾವಾಗ ಬರ್ತಿ ಎಂದು ಫೋನಿನಲ್ಲಿ ಕೇಳಿದಳು. ಲಗ್ನದ ಸುಗ್ಗಿ, ಪತ್ರಿಕೆಗಳ ಕೆಲಸ ಮೈಮೇಲೆ ಬಿದ್ದಿತ್ತು. ನನ್ನ ಅಕ್ಕ ಸಾಯುತ್ತಿದ್ದಾಳೆ ಎಂದು ಕಾಕಾನಿಗೆ ಹೇಳಿದ್ದರೆ ಅಂದೇ ಕಳಿಸುತ್ತಿದ್ದರು. ಆ ಮಾತನ್ನು ಬಾಯಿಂದ ಆಡಲು ನನಗೆ ಧೈರ್ಯ ಬರಲಿಲ್ಲ. ಶುಕ್ರವಾರ ಸಂಚಿಕೆ ಹೊರಬಿದ್ದರೆ ನನಗೆ ರಜೆ, ಖಾತ್ರಿ ಬರುತ್ತೇನೆ ಎಂದೆ. ಪೇಪರಿನಾಗ ಹಾಕು ಹಂಗಾರ ಎಂದಳು. ಮಂಗಳವಾರ ಹಾಕಿದೆ, ಬುಧವಾರ ಅಚ್ಚಾಯಿತು.

ಗುರುವಾರ ಬೆಳಿಗ್ಗೆ ಮಾಮಾನ ಫೋನು ಬಂತು. ಸಿಕ್ಕ ಬಸ್ಸು ಹತ್ತಿದೆ. ಇಳಿಹೊತ್ತಿಗೆ ಅವರ ಹೊಲದ ಬದುವಿನಲ್ಲಿ ಅವಳಿಗೆ ಮಣ್ಣು ಕೊಟ್ಟು ಎಲ್ಲ ಮುಗಿಯಿತು.

ಮರುದಿನ ಎಂದಿನಂತೆ ಕಂಡಕ್ಟರು ಕಟ್ಟು ಇಳಿಸಿ ಹೋದ. ಯಾರೋ ಒಂದು ಪ್ರತಿ ತಂದು ಪಡಸಾಲೆಯಲ್ಲಿಟ್ಟರು. ಮಾಮಾ ರೂಢಿಯಂತೆ ಅದನ್ನು ಕೈಗೆತ್ತಿಕೊಂಡು ಮಿಥುನ ರಾಶಿ ಹುಡುಕಿದ. ಅವಳ ಹಾಸಿಗೆ ಇದ್ದ ಜಾಗದತ್ತ ತಿರುಗಿ, ಎಂದಿನಂತೆ ಗಟ್ಟಿಯಾಗಿ ಓದಿದ:

“ಈ ಶುಕ್ರವಾರ ನಿಮ್ಮ ತಮ್ಮ ಬರುವನು.”

ನಾನು ಅಲ್ಲೇ ಬಾಗಿಲ ಬಳಿ ಕೂತಿದ್ದೆ.